ನೀಲತ್ತಿಗೆ ಬೇಕಾಗಿದ್ದ ಸೋಲು

ಕಣ್ಣಿಗೆ ಪೊರೆ ಬಂದ ಮೇಲೂ ನೀಲತ್ತಿ ಕೋರ್ಟಿನ ನೋಟಿಸ್ ಬೋರ್ಡಿಗೆ ಮೂಗು ತಾಗಿಸಿ ಓದುತ್ತಿದ್ದಳು. ಯಾವ ದಾವೆ ಯಾವ ಜಡ್ಜರ ಪಾಲಿಗೆ ಬಂತೆಂಬ ಪಟ್ಟಿಯನ್ನು ಅಷ್ಟು ಶ್ರದ್ಧೆಯಿಂದ ಓದುವವರು ಬೆಳಗಾವಿಯ ವಕೀಲರಲ್ಲೂ ಇರಲಿಲ್ಲ. ಅವಳು ನನ್ನ ಅಪ್ಪನ ಅಕ್ಕ. ಖಾನಾಪುರದ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತಳಾದವಳು. ಸಿಟ್ಟಿಗೆ ಮಾತ್ರ ನಿವೃತ್ತಿ ಇರಲಿಲ್ಲ.

ಸಿಟ್ಟು ಮೈದುನ ಬಸಲಿಂಗಪ್ಪನ ಮೇಲೆ. ಅವಳ ಗಂಡ ತೀರಿ ತಿಂಗಳಾಗುವ ಮೊದಲೇ ಅವಳ ಟ್ರಂಕನ್ನು ಅಂಗಳಕ್ಕೆ ತಂದಿಟ್ಟು, "ವೈನಿ, ಈ ಮನ್ಯಾಗ ನಿಮ್ದೇನೂ ಇಲ್ರಿ" ಎಂದವನು ಅವನು. ನೀಲತ್ತಿ ಟ್ರಂಕನ್ನು ತಾನೇ ಎಳೆದು ಒಳಗಿಟ್ಟಳು. ಮನೆ ಪೂರ್ತಿ ತನ್ನದೆಂದು ಅವನು ಬೆಳಗಾವಿ ಕೋರ್ಟಿಗೆ ಹೋದ.

ಅಲ್ಲಿ ದಾವೆಗಳನ್ನು ಜಡ್ಜರಿಗೆ ಹಂಚುವುದು ಕಂಪ್ಯೂಟರ್. ತನ್ನದು ಕಟ್ಟುನಿಟ್ಟಿನ ಜಡ್ಜರಿಗೆ ಹೋಯಿತೆಂದು ತಿಳಿದೊಡನೆ ಬಸಲಿಂಗಪ್ಪ ಅದನ್ನು ಹಿಂದಕ್ಕೆ ಪಡೆದು, ಹೆಂಡತಿಯ ಹೆಸರಿನಲ್ಲಿ ಹಾಕಿದ. ಅದೂ ಒಲ್ಲದ ಕಡೆ ಹೋಯಿತು. ಮಗನ ಹೆಸರಿನಲ್ಲಿ ಹಾಕಿದ. ಅತ್ತೆ ಮೂರನ್ನೂ ಬೋರ್ಡಿನಿಂದ ಬರೆದುಕೊಂಡು ಪ್ರಧಾನ ಜಡ್ಜರಿಗೆ ಅರ್ಜಿ ಕೊಟ್ಟಳು. ದಾವೆ ಮೊದಲು ಹೋದ ಕೋರ್ಟಿಗೇ ತಿರುಗಿ ಬಂತು. "ಹೆಣ್ಣ ನೋಡಿಧಂಗ ಜಡ್ಜ್ ನೋಡ್ಕೋತ ಹೊಂಟಿದ್ದ, ಹಲ್ಕಟ್" ಎಂದು ಅವಳು ನಾವು ಊರಿಗೆ ಮರಳುವ ರೈಲು ದೇಸೂರು ದಾಟುವವರೆಗೂ ನಕ್ಕಳು.

ಕೆಲವು ತಿಂಗಳಲ್ಲಿ ಆ ಜಡ್ಜರಿಗೆ ವರ್ಗವಾಯಿತು. ಆ ಕುರ್ಚಿಗೆ ಬಂದವರನ್ನು ನೋಡಿ ನಾನು ಹಿಗ್ಗಿದೆ. ತನ್ನ ತಂದೆ ಖಾನಾಪುರದಲ್ಲಿ ಸ್ಟೇಷನ್ ಮಾಸ್ತರರಾಗಿದ್ದಾಗ ಅತ್ತೆಯ ಕೈಯಲ್ಲೇ ಅಕ್ಷರ ಕಲಿತು, ಅವಳ ಮನೆಯಲ್ಲೇ ಉಂಡು ಆಡಿದ ಹುಡುಗಿ! ಅವರಿನ್ನೂ ಕಾಗದದಿಂದ ತಲೆ ಎತ್ತಿರಲಿಲ್ಲ. ನಾನು ಸೆರಗು ಜಗ್ಗುವಷ್ಟರಲ್ಲಿ ಅತ್ತೆ ಎದ್ದು ನಿಂತಿದ್ದಳು.

"ಮೇಡಂ, ನಿಮಗ ಅಕ್ಷರಾ ಕಲಿಸಿದಾಕಿ ನಾನರಿ. ಈ ಕೇಸ್ ಬ್ಯಾರೆ ಕೋರ್ಟಿಗೆ ಕಳಸ್ರಿ."

ಕಳಿಸಿದರು. ಕಂಪ್ಯೂಟರ್ ಅದನ್ನು ನಮಗೆ ಹೆಸರೂ ಗೊತ್ತಿಲ್ಲದ ಜಡ್ಜರೊಬ್ಬರಿಗೆ ಕೊಟ್ಟಿತು. ಹೊರಗೆ ಬಂದು ನಾನು ಸಿಡಿದೆ: "ಬಾಯಿಗೆ ಬಂದ ತುತ್ತು ನೀನ ಉಗುಳಿದೆಲ್ಲ ಅತ್ತಿ!"

"ಹುಚ್ಚಿ, ನನಗ ಬರೇ ಮನಿ ಸಾಕಾಗೂದಿಲ್ಲ. ಅಂವಾ ಸೋಲಬೇಕು. ಟೀಚರಮ್ಮ ತನ್ನ ಹುಡುಗಿ ಕಡಿಂದ ಗೆದ್ಲು ಅಂತ ಊರ ತುಂಬ ಹೇಳ್ಕೋತ ತಿರಗಾಕ ನಾ ಬಿಡೂದಿಲ್ಲ. ಸೋತ ಮ್ಯಾಲ ಅವನ ಬಾಯಾಗ ಒಂದ ನೆಪಾನೂ ಉಳೀಬಾರದು."

ನ್ಯಾಯವನ್ನು ಇಷ್ಟು ದ್ವೇಷದಿಂದ ಬಯಸಿದವರನ್ನು ನಾನು ಮತ್ತೆ ಕಂಡಿಲ್ಲ.

ತೀರ್ಪು ಬಂದಾಗ ಅವಳು ತೀರಿಕೊಂಡು ಎರಡು ತಿಂಗಳಾಗಿತ್ತು. ಬಸಲಿಂಗಪ್ಪನ ದಾವೆ ವಜಾ ಆಗಿತ್ತು; ಅರ್ಧ ಮನೆ ಅವಳದೇ ಎಂದಿತ್ತು. ಅದೇ ದಿನ ಖಾನಾಪುರಕ್ಕೆ ಹೋಗಿ, ಬಸಲಿಂಗಪ್ಪನ ಕಟ್ಟೆಯ ಮೇಲೆ ನಿಂತು, ಓಣಿಗೆಲ್ಲ ಕೇಳುವಂತೆ ತೀರ್ಪನ್ನು ಓದಿದೆ.

"ಆ ಜಡ್ಜ್ ನಿಮ್ಮ ಪೈಕಿಯವರೇನ?" ಎಂದ.

"ಅಲ್ರಿ."

"ನಿಮ್ಮ ವಕೀಲನ ಪೈಕಿ?"

"ಅಲ್ರಿ. ಯಾರ ಪೈಕಿನೂ ಅಲ್ಲ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಏನೂ ಬರಲಿಲ್ಲ. ಆ ಬಾಯಿ ಮುಚ್ಚುವವರೆಗೂ ನಾನು ಕಟ್ಟೆ ಇಳಿಯಲಿಲ್ಲ. ಅತ್ತೆ ನೋಡಬೇಕಿದ್ದದ್ದನ್ನೂ ನಾನೇ ನೋಡಿದೆ.