ಹಮೀದನ ಹಾಡಿಗೆ ಖಲೀಫಾ ಸಿಟಿಗೆ

ಬುಧವಾರ ಬೆಳಿಗ್ಗೆ ಮಂಗಳೂರಿನಿಂದ ವಿಮಾನ ಹೊರಟಿತು. ಮೂರೂವರೆ ಗಂಟೆ ಕೂತಿದ್ದೆ. ಕೊಟ್ಟ ಉಪ್ಪಿಟ್ಟು ತಣ್ಣಗಿತ್ತು, ತಿಂದೆ. ದುಬೈಯಲ್ಲಿ ಹೊರಗೆ ಬಂದಾಗ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಇಪ್ಪತ್ತೆರಡು ವರ್ಷ ಹೆಂಚಿನ ಕಾರ್ಖಾನೆಯಲ್ಲಿ ದುಡಿದವಳು ನಾನು, ಅದು ದೊಡ್ಡದೆನಿಸಲಿಲ್ಲ.

ಮಗಳು ಶೈಲಜಾ ಕಾರು ತಂದಿದ್ದಳು. ಅವಳಿಗೆ ನಲವತ್ತಾರು. ಅಲ್ ಕುಸೈಸಿನ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ, ಹತ್ತಿರದಲ್ಲೇ ಫ್ಲ್ಯಾಟು. ಮದುವೆಯಾಗಿಲ್ಲ, ಅದನ್ನು ನಾನು ಕೇಳುವುದು ಬಿಟ್ಟು ಹತ್ತು ವರ್ಷವಾಯಿತು. ಸೋಫಾದ ಮೇಲೆ ಬ್ಯಾಂಜೊ ಮಲಗಿತ್ತು. ನನಗೆ ಪ್ಲಾಸ್ಟಿಕ್ ಕುರ್ಚಿ ಕೊಟ್ಟಳು.

ಬ್ಯಾಂಜೊ ಅಂದರೆ ಬಿಗಿದ ಚರ್ಮದ ದುಂಡು ಬುಡ, ಉದ್ದ ಕತ್ತು, ಐದು ತಂತಿ. ಅವಳದ್ದು ನಾಲ್ಕು ಜನರ ಬ್ಯಾಂಡು. ಬಾರಿಸುವುದಕ್ಕೆ ಬ್ಲೂಗ್ರಾಸ್ ಎಂದು ಹೆಸರು. ಅಮೆರಿಕದ ಗುಡ್ಡದ ಜನರ ಸಂಗೀತ, ಬರೀ ತಂತಿ, ಡ್ರಮ್ಮಿಲ್ಲ. ಇವರು ವಾದ್ಯ ಮಾತ್ರ ಅಲ್ಲಿಯದ್ದು ಇಟ್ಟುಕೊಂಡು ಹಾಡು ಸ್ವಂತ ಕಟ್ಟುತ್ತಾರೆ. ನಡುವೆ ತಾಳ ಬದಲಾಗುತ್ತದೆ, ಎಲ್ಲೋ ಹೊರಟದ್ದು ಇನ್ನೆಲ್ಲೋ ಮುಟ್ಟುತ್ತದೆ. ಹಿಂದೆ ಯಾವ ಕಂಪೆನಿಯೂ ಇಲ್ಲ. ತಾವೇ ರೆಕಾರ್ಡು ಮಾಡಿ ತಾವೇ ಇಂಟರ್‌ನೆಟ್ಟಿಗೆ ಹಾಕುತ್ತಾರೆ. ಎರಡು ಆಲ್ಬಮ್ ಆಗಿದೆ. ಎರಡರಲ್ಲೂ ಇದ್ದದ್ದು ಶೈಲಜಾ ಕಟ್ಟಿದ ಹಾಡುಗಳೇ.

ಪಿಟೀಲು ಬಾರಿಸುವವನು ಹಮೀದ್, ಉಪ್ಪಿನಂಗಡಿ ಕಡೆಯ ಬ್ಯಾರಿ. ರಾಸ್ ಅಲ್ ಖೋರಿನಲ್ಲಿ ಕಾರಿನ ಹಳೇ ಬಿಡಿಭಾಗ ಮಾರುವ ಅಂಗಡಿಯಲ್ಲಿದ್ದ. ಅಂಗಡಿ ಮುಚ್ಚಿತು, ವೀಸಾ ಕ್ಯಾನ್ಸಲ್ ಆಯಿತು. ಭಾನುವಾರ ಊರಿಗೆ ಹೊರಟಿದ್ದ, ಮತ್ತೆ ಬರುವವನಲ್ಲ. ಬ್ಯಾಂಡಿನಲ್ಲಿದ್ದ ಎಂಟು ವರ್ಷದಲ್ಲಿ ಅವನು ಕಟ್ಟಿದ್ದು ಒಂದೇ ಹಾಡು, ಮಾತಿಲ್ಲದ್ದು. ಅದು ಇನ್ನೂ ರೆಕಾರ್ಡಾಗಿರಲಿಲ್ಲ. ನಾಲ್ವರಿಗೂ ಬಿಡುವಿದ್ದದ್ದು ಶನಿವಾರ ಒಂದೇ ದಿನ.

"ಇಷ್ಟು ವರ್ಷ ಎಂತ ಮಾಡ್ತಿದ್ರಿ?" ಎಂದು ಕೇಳಿದೆ. ನಾವು ಮಾತಾಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

"ಮುಂದಿನ ಆಲ್ಬಮಿಗೆ ಹಾಕುವ ಅಂತ ಇತ್ತಮ್ಮ."

"ಎರಡು ಸಲವೂ ಮುಂದಿನದ್ದಕ್ಕಾ?"

ಅವಳು ಅಡುಗೆಮನೆಗೆ ಹೋದಳು.

ಗುರುವಾರ ಸಂಜೆ ನಾನು ಒಬ್ಬಳೇ ಮೆಟ್ರೋ ಹತ್ತಿ ಎರಡು ಸ್ಟೇಷನ್ ಹೋಗಿ ವಾಪಸು ಬಂದೆ. ಹೋಗಲು ಮೂರು ದಿರ್ಹಮ್, ಬರಲು ಮೂರು. ಓಡಿಸುವವನಿಲ್ಲ, ತಾನೇ ಓಡುತ್ತದೆ. ಶುಕ್ರವಾರ ಬಂಗುಡೆ ಸಾರು ಮಾಡಿದೆ. ಮೀನು ಊರಿನದಕ್ಕಿಂತ ದೊಡ್ಡದು, ರುಚಿ ಕಡಿಮೆ.

ಶನಿವಾರ ಏಳು ಗಂಟೆಗೆ ಹೊರಟೆವು. ರಾಸ್ ಅಲ್ ಖೋರಿನಲ್ಲಿ ಸಾಲು ಶಟರುಗಳು, ಎಣ್ಣೆ ಕುಡಿದು ಕಪ್ಪಾದ ಮಣ್ಣು. ಹಮೀದ್ ಇಸ್ತ್ರಿ ಮಾಡಿದ ಅಂಗಿ ಹಾಕಿ ಪೆಟ್ಟಿಗೆ ಹಿಡಿದು ನಿಂತಿದ್ದ. ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಡಲಿಲ್ಲ. ಸೆಕೆಗೆ ಪಿಟೀಲಿನ ಅಂಟು ಬಿಡುತ್ತದಂತೆ.

"ಮುಂದೆ ಕೂತ್ಕೋ ಮಾರಾಯ, ನಾಳೆ ಹೋಗುವವ ನೀನು," ಅಂದೆ.

"ಬೇಡಮ್ಮ, ನೀವು ಕೂತ್ಕೊಳ್ಳಿ. ಶೈಲಜಕ್ಕನ ಕಾರಲ್ಲಿ ನನ್ನ ಸೀಟು ಹಿಂದೆಯೇ."

ಖಲೀಫಾ ಸಿಟಿ ಅಬುಧಾಬಿಯ ಬದಿಯಲ್ಲಿ, ನೂರ ಮೂವತ್ತು ಕಿಲೋಮೀಟರಿನ ಹತ್ತಿರ. ನಡುವೆ ಪೆಟ್ರೋಲ್ ಬಂಕಿನಲ್ಲಿ ಕರಕ್ ಎನ್ನುವ ಗಟ್ಟಿ ಹಾಲಿನ ಚಹಾ ಕುಡಿದೆವು. ಸಕ್ಕರೆ ಜಾಸ್ತಿ. ಗಿಟಾರಿನವನು ಐರ್ಲೆಂಡಿನ ಮಾಸ್ತರ, ಅವನ ವಿಲ್ಲಾದ ಕೆಳಗಿನ ಕೋಣೆಯಲ್ಲಿ ರೆಕಾರ್ಡಿಂಗು. ನೆಲಕ್ಕೆ ಕಾರ್ಪೆಟ್, ಗೋಡೆಗೆಲ್ಲ ಕಂಬಳಿ. ಬೇಸ್ ಎಂಬ ಆಳೆತ್ತರದ ತಂತಿವಾದ್ಯ ಬಾರಿಸುವ ಗೋವಾದವನು ಮೊದಲೇ ಬಂದು ಬೆವರುತ್ತಿದ್ದ.

ಇವರದ್ದೊಂದು ಕ್ರಮ ಉಂಟು. ನಾಲ್ವರಿಗೂ ಒಂದೇ ಮೈಕು. ಸುತ್ತ ನಿಲ್ಲುತ್ತಾರೆ, ಯಾರ ಸರದಿಯೋ ಅವರು ಮೈಕಿನ ಹತ್ತಿರ ಬರಬೇಕು, ಉಳಿದವರು ಹಿಂದೆ ಸರಿಯಬೇಕು. ಶಬ್ದ ಹೆಚ್ಚು ಕಡಿಮೆ ಮಾಡುವುದು ಕಾಲಿನಲ್ಲಿ. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಎಸಿಯ ಸದ್ದು ಮೈಕಿಗೆ ಬೀಳುತ್ತದೆಂದು ಅದನ್ನು ಆರಿಸುತ್ತಾರೆ. ಹೊರಗೆ ನಲವತ್ತಮೂರು ಡಿಗ್ರಿ. ಒಂದು ಸಲ ಬಾರಿಸಿ ಎಸಿ ಹಾಕಿದರೆ ತಣ್ಣಗಾಗಿ ತಂತಿಗಳ ಶ್ರುತಿ ಹೋಗುತ್ತದೆ, ಮತ್ತೆ ಕಟ್ಟಬೇಕು. ಹೀಗೆ ಮಧ್ಯಾಹ್ನ ಮೂರರೊಳಗೆ ಐದು ಸಲ ಆಯಿತು. ನಾನು ಮೂಲೆಯಲ್ಲಿ ಕುರ್ಚಿ ಹಾಕಿ ಕೂತಿದ್ದೆ.

ಐದನೆಯದನ್ನು ಸ್ಪೀಕರಿನಲ್ಲಿ ಹಾಕಿದರು. ಬ್ಯಾಂಜೊ ಟಣಟಣ ಅನ್ನುತ್ತಿತ್ತು. ಪಿಟೀಲು ಆಚೆಮನೆಯಿಂದ ಬಂದ ಹಾಗಿತ್ತು.

"ಸಾಕು ಅಕ್ಕ, ಖಲಾಸ್. ಚಂದ ಬಂದಿದೆ," ಅಂದ ಹಮೀದ್.

"ಎಂತ ಚಂದ? ನಿನ್ನ ಪಿಟೀಲು ನಿಂಗೆ ಕೇಳಿತಾ?" ಅಂದೆ.

ಅವನು ತಲೆ ತಗ್ಗಿಸಿ ಕಮಾನು ಒರೆಸತೊಡಗಿದ. ಶೈಲಜಾಳಿಗೆ ಸಿಟ್ಟು ಬಂತು.

"ಅಮ್ಮ, ನಿಂಗೆ ಇದೆಲ್ಲ ಗೊತ್ತಾಗುದಿಲ್ಲ."

"ಹೆಂಚಿಗೆ ಬೆರಳಲ್ಲಿ ಕುಟ್ಟಿ ಒಡಕು ಹೇಳಿ ಸಂಬಳ ತಕ್ಕೊಂಡವಳು ನಾನು. ನೀನು ಮೈಕಿನ ಹತ್ತಿರ ಬಂದವಳು ವಾಪಸು ಹೋಗುದೇ ಇಲ್ಲ."

"ಹೋಗ್ತೇನೆ."

"ಬಸ್ಸಲ್ಲಿ ಕಂಡಕ್ಟರ್ ಹಿಂದೆ ಹೋಗಿ ಅಂದ್ರೆ ಜನ ಹೋಗ್ತಾರಲ್ಲ, ಅಷ್ಟು."

ಅಮ್ಮ ಏನೆಂದರು ಎಂದು ಐರ್ಲೆಂಡಿನವನು ಕೇಳಿದ.

ನಾನು ಕುರ್ಚಿ ಎಳೆದುಕೊಂಡು ಹೋಗಿ ಮೈಕಿನ ಹತ್ತಿರ ಅವಳು ನಿಲ್ಲುತ್ತಿದ್ದ ಜಾಗದಲ್ಲೇ ಹಾಕಿ ಕೂತೆ. "ಈಗ ಬಾರಿಸಿ," ಅಂದೆ. ಬಳೆ ತೆಗೆದು ಮಡಿಲಲ್ಲಿಟ್ಟುಕೊಂಡೆ. ಶೈಲಜಾ ನನ್ನನ್ನೇ ನೋಡಿದಳು. ಅಷ್ಟು ಜನರೆದುರು ತಾಯಿಯನ್ನು ಎತ್ತಿ ಹಾಕುವ ಹಾಗಿಲ್ಲ. ಕುರ್ಚಿಯ ಹಿಂದೆ ಹೋಗಿ ನಿಂತಳು. ಎಸಿ ಆರಿಸಿದರು.

ನಾಲ್ಕು ನಿಮಿಷ ನಾನು ಉಸಿರು ಬಿಗಿಹಿಡಿದು ಕೂತೆ. ಬೆವರು ಕಣ್ಣಿಗಿಳಿಯಿತು, ಒರೆಸಲಿಲ್ಲ. ಹಮೀದ್ ಮೊದಲು ಹೆದರಿ ಹೆದರಿ ಬಾರಿಸಿದ. ಬ್ಯಾಂಜೊದ ಸರದಿ ಬಂದಾಗ ಶೈಲಜಾಳಿಗೆ ಮುಂದೆ ಬರಲು ದಾರಿಯಿರಲಿಲ್ಲ. ಅವನು ಒಂದು ಗಳಿಗೆ ಕಾದ. ಆಮೇಲೆ ಕಣ್ಣು ಮುಚ್ಚಿ ಆ ಭಾಗವನ್ನೂ ತಾನೇ ತೆಗೆದುಕೊಂಡು ಕಡೆತನಕ ಬಿಡಲಿಲ್ಲ. ಆ ಸಂಗೀತ ನನಗೆ ಅಷ್ಟು ಹಿಡಿಸುವುದಿಲ್ಲ. ಆದರೆ ಎಲ್ಲೂ ಒಡಕಿರಲಿಲ್ಲ.

ಮತ್ತೆ ಸ್ಪೀಕರಿನಲ್ಲಿ ಹಾಕಿದರು. "ನನ್ನದು ಕೇಳುದೇ ಇಲ್ಲ," ಅಂದಳು ಶೈಲಜಾ. ಇನ್ನೊಮ್ಮೆ ಬಾರಿಸುವುದಾ ಎಂದು ಐರ್ಲೆಂಡಿನವನು ಅವಳನ್ನು ಕೇಳಿದ. ಬ್ಯಾಂಡಿನಲ್ಲಿ ತೀರ್ಮಾನ ಅವಳದ್ದೇ. ಇನ್ನೊಂದಕ್ಕೆ ಸಮಯವೂ ಇತ್ತು. ಹಮೀದ್ ಪಿಟೀಲು ಎತ್ತಿ ತಯಾರಾಗಿ ನಿಂತ.

"ಬೇಡ. ಇದೇ ಇರ್ಲಿ," ಅಂದು ಅವಳು ಬ್ಯಾಂಜೊವನ್ನು ಪೆಟ್ಟಿಗೆಗೆ ಹಾಕಿದಳು.

ಭಾನುವಾರ ಹಮೀದನನ್ನು ವಿಮಾನಕ್ಕೆ ಬಿಟ್ಟೆವು. "ಅಮ್ಮ, ಊರಿಗೆ ಬಂದ ಮೇಲೆ ನಮ್ಮಲ್ಲಿಗೆ ಬನ್ನಿ," ಅಂದ.

"ಮನೆವರೆಗೆ ಬಸ್ಸು ಉಂಟಾ?"

"ಉಂಟು."

"ಹಾಗಾದ್ರೆ ಬರ್ತೇನೆ."

ಆಮೇಲಿನ ಒಂದು ವಾರ ಮಗಳು ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿದಳು. ನನಗೆ ತೊಂದರೆಯಾಗಲಿಲ್ಲ, ಊಟ ಸರಿಯಾಗಿ ಮಾಡಿದೆ.

ನಾನು ಹೊರಟ ದಿನ ಕಾರಿನಲ್ಲಿ ಅವಳು ಆ ಹಾಡು ಹಾಕಿದಳು. ಮುಗಿದ ಮೇಲೆ ಮತ್ತೊಮ್ಮೆ ಹಾಕಿದಳು. "ಅವನು ಇದನ್ನು ಹೀಗೆ ಬಾರಿಸ್ತಾನೆ ಅಂತ ನಂಗೆ ಗೊತ್ತೇ ಇರ್ಲಿಲ್ಲ," ಅಂದಳು. ಎಂಟು ವರ್ಷ ಪಕ್ಕದಲ್ಲಿ ನಿಂತವಳು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಚೀಲ ಇಳಿಸಿಕೊಟ್ಟಳು.

"ಎಲ್ಲರೆದುರು ಹಾಗೆ ಕುರ್ಚಿ ಹಾಕಿ ಕೂತದ್ದು ಸರಿಯಲ್ಲಮ್ಮ."

"ಸರಿಯಲ್ಲ, ಗೊತ್ತುಂಟು."

"ಮತ್ತೆ?"

"ನೀನು ಇನ್ನೊಂದು ಸಲ ಬಾರಿಸ್ಲಿಲ್ಲ ಅಲ್ವಾ."

ಅವಳು ನನ್ನ ಸೆರಗು ಸರಿಮಾಡಿದಳು, ಅದು ಸರಿಯಾಗಿಯೇ ಇತ್ತು. ಒಳಗೆ ಹೋಗಿ ಒಮ್ಮೆ ತಿರುಗಿ ನೋಡಿದೆ. ಕಾರು ಹೊರಟಾಗಿತ್ತು. ಅಲ್ಲಿ ಹೆಚ್ಚು ಹೊತ್ತು ನಿಲ್ಲಿಸಲು ಬಿಡುವುದಿಲ್ಲ.