ಆಸಿಡ್ಡಿಗೊಂದು ಕೋಣೆ, ಬ್ಲೀಚಿಂಗ್ ಪೌಡರಿಗೊಂದು ಕೋಣೆ

ಚನ್ನರಾಯಪಟ್ಟಣದ ಹತ್ತಿರ ಕೊಬ್ಬರಿ ಪುಡಿ ಮಾಡುವ ಸಣ್ಣ ಫ್ಯಾಕ್ಟರಿಯಲ್ಲಿ ನಾನು ಸೂಪರ್‌ವೈಸರ್. ಕಾಯಿ ತೊಳೆಯುವ ನೀರಿಗೆ ಬ್ಲೀಚಿಂಗ್ ಪೌಡರು, ನೆಲ ಉಜ್ಜಲು ಆಸಿಡ್. ಎರಡೂ ಒಂದೇ ಕೋಣೆಯಲ್ಲಿ ಇರುತ್ತಿದ್ದವು. ಪಿಯುಸಿ ಕೆಮಿಸ್ಟ್ರಿ ಮರೆತುಬಿಟ್ಟಿದ್ದ ನನ್ನನ್ನು ಬಿಟ್ಟರೆ, ಕೆಮಿಕಲ್ ಬಗ್ಗೆ ಓದಿಕೊಂಡವರು ನಮ್ಮಲ್ಲಿ ಯಾರೂ ಇರಲಿಲ್ಲ.

ಒಂದು ಬೆಳಿಗ್ಗೆ ನೆಲ ತೊಳೆಯುವ ಅಕ್ಕ, ಬ್ಲೀಚಿಂಗ್ ನೀರು ಉಳಿದಿದ್ದ ಬಕೆಟ್ಟಿಗೇ ಆಸಿಡ್ ಸುರಿದರು. ಗಂಟಲು ಹಿಡಿಯುವ ಘಾಟು ಎದ್ದಿತು. ಎಲ್ಲರೂ ಕಣ್ಣುಜ್ಜಿಕೊಂಡು ಹೊರಗೆ ಓಡಿದೆವು. ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದೆ. ಸಂಜೆ ಹೊತ್ತಿಗೆ ಉಸಿರು ಸರಿಹೋಯಿತು. ಯಜಮಾನರು ಈ ಸಲ ಬಂದ ಆಸಿಡ್ ಮಾಲೇ ಸರಿಯಿಲ್ಲ ಅಂದರು. ನನಗೆ ಸಮಾಧಾನವಾಗಲಿಲ್ಲ.

ಭಾನುವಾರವೇ ಹೊಳೆನರಸೀಪುರದ ಬಸ್ಸು ಹತ್ತಿದೆ. ಪಿಯುಸಿಯಲ್ಲಿ ನನಗೆ ಕೆಮಿಸ್ಟ್ರಿ ಹೇಳಿಕೊಟ್ಟ ಮೇಡಂ ರಿಟೈರಾಗಿ ಅಲ್ಲೇ ಇದ್ದಾರೆ. ನಡೆದದ್ದನ್ನು ಕೇಳಿ ಅವರು, ಮಾಲಿನ ತಪ್ಪಲ್ಲ, ಅವೆರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಹುಟ್ಟುತ್ತದೆ ಅಂದರು. ಮಾಲು ಕೊಡುವವರನ್ನು ಕೇಳಿದರೆ, ಯಾವುದನ್ನು ಯಾವುದರ ಜೊತೆ ಇಡಬಾರದು ಎಂದು ಬರೆದ ಹಾಳೆಯನ್ನೂ ಕೊಡುತ್ತಾರಂತೆ. ಇಷ್ಟು ದಿನ ಕೇಳಲೇ ಇಲ್ಲವಲ್ಲ! ವಾಪಸ್ ಬರುವಾಗ ಖುಷಿ ತಡೆಯಲಾರದೆ ಬಸ್ಸಿನಲ್ಲೇ ಫ್ಯಾಕ್ಟರಿಯ ನಕ್ಷೆ ಬರೆಯತೊಡಗಿದೆ. ನನ್ನ ಸ್ಟಾಪು ದಾಟಿಹೋಗಿದ್ದೂ ಗೊತ್ತಾಗಲಿಲ್ಲ.

ಮುಂದಿನ ವಾರ ಮೇಡಂ ತಾವೇ ಬಂದರು. ಯಜಮಾನರ ಜೊತೆ ಎರಡೇ ಮಾತಾಡಿ, ನೇರವಾಗಿ ಅಕ್ಕನ ಪಕ್ಕ ಕೂತರು. ಯಾವ ಬಕೆಟ್ಟು, ಯಾವ ಮಗ್ಗು, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಎಲ್ಲವೂ ಅಕ್ಕನಿಗೆ ಬಾಯಿಪಾಠವಾಗಿತ್ತು. ಮಾಲು ಕೊಡುವವರಿಂದ ನಾನು ತರಿಸಿಟ್ಟಿದ್ದ ಮಾಹಿತಿ ಹಾಳೆಯನ್ನು ಮೇಡಂ ಕನ್ನಡದಲ್ಲಿ ಬಿಡಿಸಿ ಹೇಳಿದರು. ಸಂಜೆಯೊಳಗೆ ಆಸಿಡ್ ಹಿತ್ತಿಲ ಕೋಣೆಗೆ ಹೋಯಿತು. ಆಸಿಡ್ಡಿಗೆ ಕೆಂಪು ಬಕೆಟ್ಟು, ಬ್ಲೀಚಿಂಗಿಗೆ ನೀಲಿ. ನನಗಂತೂ ಮನೆಗೆ ಹೋಗಲು ಮನಸ್ಸೇ ಇರಲಿಲ್ಲ.

ತಿಂಗಳಾಗಿರಬೇಕು. ಮಾಲು ತಂದ ಡ್ರೈವರ್ ಅವಸರದಲ್ಲಿ ಆಸಿಡ್ ಕ್ಯಾನುಗಳನ್ನು ಬ್ಲೀಚಿಂಗ್ ಕೋಣೆಯಲ್ಲೇ ಇಳಿಸಲು ಹೊರಟ. ಅಕ್ಕ ಹೋಗಿ ಬಾಗಿಲಿಗೆ ಅಡ್ಡ ನಿಂತರು.

"ಇಲ್ಲಿ ಇಳಿಸ್ಬ್ಯಾಡ ಕಣಪ್ಪ. ಒಳಗೆ ಪೌಡ್ರು ಐತೆ. ಎರಡೂ ಸೇರುದ್ರೆ ಉಸ್ರು ಕಟ್ತದೆ, ನಾನು ಕಂಡಿವ್ನಿ."

ಡ್ರೈವರ್ ಯಜಮಾನರ ಮುಖ ನೋಡಿದ.

"ಆಯಮ್ಮ ಹೇಳ್ದಂಗೆ ಮಾಡು," ಅಂದರು ಯಜಮಾನರು.

ನಾನೇ ಮುಂದೆ ಹೋಗಿ ಹಿತ್ತಿಲ ಕೋಣೆಯ ಬಾಗಿಲು ತೆರೆದೆ.

ಸುದ್ದಿ ಪಕ್ಕದ ತೆಂಗಿನ ನಾರಿನ ಘಟಕಕ್ಕೂ ಮುಟ್ಟಿತು. ತಮ್ಮಲ್ಲೂ ಒಮ್ಮೆ ನೋಡಿಹೋಗಿ ಎಂದು ಅವರು ಹೇಳಿ ಕಳಿಸಿದರು. ಅಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ಒಳಗೆ ಕಾಲಿಟ್ಟ ಕೂಡಲೇ ಕಿಟಕಿಯಲ್ಲಿ, ಕುಡಿಯುವ ನೀರಿನ ಬಾಟ್ಲಿಯಲ್ಲಿ ತುಂಬಿಟ್ಟಿದ್ದ ಆಸಿಡ್ ಅಕ್ಕನ ಕಣ್ಣಿಗೆ ಬಿತ್ತು.

"ಮೊದ್ಲು ಇದು ಇಲ್ಲಿಂದ ಓಗ್ಬೇಕು," ಅಂದವರೇ ಕೈಗವಸು ಕೇಳಿದರು.