ಮೂಲೆಯ ಬೋಲ್ಟು

ಅವತ್ತು ಮಿಷನ್ ಓಡಿಸಿದವಳು ನಾನೇ. ಓಡಿಸಿ, ಕೆಡಿಸಿ, ಯಾರೂ ಮುಟ್ಟಿಲ್ಲವೆಂದು ಸುಳ್ಳು ಹೇಳಿದವಳೂ ನಾನೇ. ಗಂಡನಿಗೂ ಹೇಳದೆ ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಊಟ ಮಾಡಿದೆ, ನಿದ್ದೆ ಮಾಡಿದೆ, ಜನರ ಜೊತೆ ನಕ್ಕೆ — ಹೇಗೆ ಮಾಡಿದೆನೋ!

ಹೊಸನಗರದಲ್ಲಿ ನಾನು ಹಿಟ್ಟಿನ ಗಿರಣಿ ಹಾಕಿದಾಗ ಮಿಷನ್ ಕೂರಿಸಲು ಬಂದವರು ಸಾಗರದ ದೇವರಾಜಣ್ಣ. ಸಾಗರದಿಂದ ತೀರ್ಥಹಳ್ಳಿವರೆಗೆ ಯಾವ ಗಿರಣಿಗೆ ಹೋದರೂ ಅವರದೇ ಕೈಕೆಲಸ. ನೆಲದಲ್ಲಿ ನಾಲ್ಕು ಗುಂಡಿ ತೋಡಿ, ಬೋಲ್ಟು ನಿಲ್ಲಿಸಿ, ಸುತ್ತ ಕಾಂಕ್ರೀಟು ತುಂಬಬೇಕು; ಮಿಷನ್ನಿನ ಕಾಲು ಹಿಡಿಯುವುದು ಆ ಬೋಲ್ಟುಗಳೇ. ಗೋಡೆಯ ಮೂಲೆಯದೊಂದನ್ನು ಹಾಕುವಷ್ಟರಲ್ಲಿ ಸಿಮೆಂಟು ಮುಗಿಯಿತು. ಉಳಿದ ಮೂರನ್ನು ಹಾಕಿ ಮಿಷನ್ ಕೂರಿಸಿದ್ದು ಎರಡು ವಾರ ಬಿಟ್ಟು, ಆಯುಧಪೂಜೆಯ ಹಿಂದಿನ ದಿನ.

ಹೋಗುವಾಗ ಒದ್ದೆ ಗೋಣಿಚೀಲ ಹೊದಿಸಿ ಹೇಳಿದರು: "ಅಕ್ಕಾ, ಸಿಮೆಂಟು ಗಟ್ಟಿಯಾಗ್ಬೇಕು. ನಾನು ಬಂದು ನೋಡೋತನ್ಕ ಮುಟ್ಬೇಡಿ. ಹಬ್ಬಕ್ಕೆ ಬರೀ ಕುಂಕುಮ ಹಚ್ಚಿ, ಸಾಕು."

ನನಗೋ ಹಟ. ಆಯುಧಪೂಜೆಗೆ ಓಡದ ಮಿಷನ್ ಎಂಥ ಮಿಷನ್? ಹೊಸ ಮಿಷನ್ನಿಗೆ ಅದು ಅಪಶಕುನವಲ್ಲವೇ? ನಿಂಬೆಹಣ್ಣು ಇಟ್ಟೆ, ಆರತಿ ಎತ್ತಿದೆ, ಒಂದೇ ನಿಮಿಷ ಎಂದುಕೊಂಡು ಸ್ವಿಚ್ಚು ಒತ್ತಿದೆ. ಅಯ್ಯಯ್ಯೋ — ಮಿಷನ್ ಧಡಧಡನೆ ಕುಣಿಯಿತು! ನಿಲ್ಲಿಸಿ ನೋಡಿದರೆ ಮೂರೂ ಬೋಲ್ಟಿನ ಬುಡದಲ್ಲಿ ಬಿರುಕು. ಬಿರುಕಿಗೆ ಸಿಮೆಂಟು ಕಲಸಿ ಸವರಿದೆ. ಗೋಣಿಗೆ ನೀರು ಚಿಮುಕಿಸಿ ಮತ್ತೆ ಹೊದಿಸಿದೆ.

ಮುಂದಿನ ವಾರ ದೇವರಾಜಣ್ಣ ಬಂದರು. ಬೀದಿಯವರೆಲ್ಲ ಅಕ್ಕಿ, ರಾಗಿ ಹಿಡಿದು ನಿಂತಿದ್ದರು. ದೇವರಾಜಣ್ಣ ನಟ್ಟು ಬಿಗಿದು ಸ್ವಿಚ್ಚು ಹಾಕಿದ ಸ್ವಲ್ಪ ಹೊತ್ತಿಗೇ ಮಿಷನ್ ವಾಲಿತು, ಬೆಲ್ಟು ಹಾರಿ ಗೋಡೆಗೆ ಬಡಿಯಿತು. ಜನ ಗೊಳ್ಳೆಂದು ನಕ್ಕರು.

"ಅಕ್ಕಾ, ನಡುವೆ ಯಾರಾದ್ರೂ ಓಡ್ಸಿದ್ರಾ?"

"ಯಾರೂ ಮುಟ್ಟಿಲ್ಲ. ಕೆಲ್ಸ ಬರ್ದಿದ್ರೆ ಯಾಕೆ ಒಪ್ಕೊಳ್ತೀರಿ?"

ಅವರು ನನ್ನನ್ನು ನಂಬಿಬಿಟ್ಟರು. ತಮ್ಮ ಅಂಗೈಯನ್ನೇ ನೋಡಿಕೊಂಡು ನಿಂತರು — ಆ ನಿಲುವು ನನ್ನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ. ಮಾತು ಗಿರಣಿಯಿಂದ ಗಿರಣಿಗೆ ಹೋಯಿತು. ಅವರನ್ನು ಕರೆಯುವವರು ಕಡಿಮೆಯಾದರು. ಕರೆದಲ್ಲಿಗೂ ಅವರೇ ಹೋಗಲಿಲ್ಲವಂತೆ. ಈಗ ತೀರ್ಥಹಳ್ಳಿಯ ಕಲ್ಯಾಣ ಮಂಟಪವೊಂದರಲ್ಲಿ ಪಾತ್ರೆ ಕೊಡುವ ಕೆಲಸದಲ್ಲಿದ್ದಾರೆ.

ಬೇರೆಯವರು ಬಂದು ಆ ಮೂರು ಬೋಲ್ಟುಗಳನ್ನು ಹೊಸದಾಗಿ ಹಾಕಿದರು. ಮೂಲೆಯದನ್ನು ಯಾರೂ ಮುಟ್ಟಲಿಲ್ಲ.

ಇವತ್ತು ಗಿರಣಿಯನ್ನು ಬೋಲ್ಟುಗಳ ಸಮೇತ ಹೊಸ ಜಾಗಕ್ಕೆ ಸಾಗಿಸಲು ಫಿಟ್ಟರ್ ಇಮ್ತಿಯಾಜ್ ಬಂದ. ಮೂರು ಬೋಲ್ಟು ಸಲೀಸಾಗಿ ಬಂದವು. ಮೂಲೆಯದು — ಊಹೂಂ. ಸೀಮೆಎಣ್ಣೆ ಬಿಟ್ಟ, ಕಾಯಿಸಿದ, ನಟ್ಟು ತಿರುಗಿಸುವ ಪಾನಕ್ಕೆ ಪೈಪು ತೊಡಿಸಿ ಇಬ್ಬರು ಜೋತುಬಿದ್ದರು. ಕೊನೆಗೆ ಸುತ್ತ ಉಳಿಯಿಂದ ಒಡೆಯತೊಡಗಿದ. ಕಿಡಿ ಹಾರಿತೇ ಹೊರತು ಚಕ್ಕೆ ಏಳುವುದೇ ಕಷ್ಟವಾಯಿತು.

"ಯಾರಕ್ಕಾ ಇದನ್ನ ಹಾಕಿದ್ದು? ನೆಲದಲ್ಲೇ ಹುಟ್ದಂಗಿದೆಯಲ್ಲ ಮಾರಾಯ್ತಿ!"

ಒಡೆದು ಆದ ಗುಂಡಿಯೊಳಗೆ ಬಗ್ಗಿ ನೋಡಿದೆ. ಕೆಳಗೆ ಬೋಲ್ಟಿನ ತುದಿ ಕೊಕ್ಕೆಯಾಗಿ ಬಾಗಿ ನೆಲದ ಕಂಬಿಯನ್ನು ಅಪ್ಪಿಕೊಂಡಿತ್ತು. ಸುತ್ತಲೂ ಕೂದಲೆಳೆ ಸಂದಿಲ್ಲ. ಇಷ್ಟು ವರ್ಷದ ನಡುಕವನ್ನೆಲ್ಲ ತಿಂದು ಒಂದಿಷ್ಟೂ ಅಲುಗದ ಕೆಲಸ! ಯಾರೂ ನೋಡದ ಕತ್ತಲಲ್ಲಿ ಇಷ್ಟು ಅಚ್ಚುಕಟ್ಟು! ದೇವರಾಜಣ್ಣ ಹಾಕಿದ ನಾಲ್ಕರಲ್ಲಿ ಒಣಗಲು ಸಮಯ ಸಿಕ್ಕಿದ್ದು ಇದೊಂದಕ್ಕೇ — ಉಳಿದ ಮೂರಕ್ಕೆ ನಾನು ಕೊಡಲಿಲ್ಲ. ಅದರ ಮುಂದೆ ಕೂತುಬಿಟ್ಟೆ. ದೇವರ ಮುಂದೂ ನಾನು ಹಾಗೆ ಮಂಡಿಯೂರಿ ಕೂತವಳಲ್ಲ.

"ಗ್ರೈಂಡರ್ ಹಾಕಿ ಕತ್ತರಿಸ್ಲಾ?" ಎಂದ. ಬೇಡವೆಂದೆ. ಫೋನು ಹುಡುಕಿದೆ.

"ದೇವರಾಜಣ್ಣ, ಅವತ್ತು ಹಬ್ಬಕ್ಕೆ ಓಡ್ಸಿದ್ದು ನಾನೇ. ಬಿರುಕು ಮುಚ್ಚಿದ್ದೂ ನಾನೇ. ನಿಮ್ಮ ಕೈ ತಪ್ಪಿರ್ಲಿಲ್ಲ."

ಆ ಕಡೆ ಪಾತ್ರೆಯ ಸದ್ದು ನಿಂತಿತು. ಬೈಯಲಿ ಎಂದು ಕಾದೆ — ಬೈದಿದ್ದರೆ ಹಗುರಾಗುತ್ತಿತ್ತೇನೋ.

"ಮೂಲೇದು?" ಎಂದರು.

"ಬರ್ಲಿಲ್ಲ. ಯಾರ ಕೈಲೂ ಬರ್ತಿಲ್ಲ."

ಮೂಗು ಎಳೆದುಕೊಂಡ ಸದ್ದು. ಆಮೇಲೆ ಒಂದೇ ಮಾತು: "ನಾಳೆ ಬರ್ತೀನಿ ಅಕ್ಕಾ. ನಾನು ಬಂದು ನೋಡೋತನ್ಕ ಮುಟ್ಬೇಡಿ."

ಅವತ್ತು ನಕ್ಕವರ ಮನೆಮನೆಗೂ ಹೋಗಿ ನಾಳೆ ಬನ್ನಿ ಎಂದು ಹೇಳಿ ಬಂದಿದ್ದೇನೆ. ಎಲ್ಲರೆದುರೇ ಹೇಳಬೇಕು. ಗುಂಡಿಗೆ ಗೋಣಿಚೀಲ ಹೊದಿಸಿದ್ದೇನೆ. ಈ ಸಲ ಮುಟ್ಟುವುದಿಲ್ಲ.